ಇಪ್ಪತ್ತೇಳಕ್ಕೆ ನಿಂತ ಮುಳ್ಳು

ಊರು ಮುಗಿದು ಹೆದ್ದಾರಿ ಶುರುವಾಗುವ ತಿರುವಿನಲ್ಲಿ ಒಂದು ಪೆಟ್ರೋಲ್ ಬಂಕು. ಅದರ ಎಡಮೂಲೆಯಲ್ಲಿ, ನೀರಿನ ನಲ್ಲಿಯ ಪಕ್ಕ, ಟೈರಿಗೆ ಗಾಳಿ ತುಂಬುವ ಜಾಗ. ಅಲ್ಲಿ ಕಬ್ಬಿಣದ ಸ್ಟೂಲಿನ ಮೇಲೆ ಕೂತಿರುತ್ತಿದ್ದವನನ್ನು ಎಲ್ಲರೂ ಗಾಳಿ ಮೇಷ್ಟ್ರು ಎನ್ನುತ್ತಿದ್ದರು. ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ, ತಾನು ಶಾಲೆಗೆ ಹೋದದ್ದೂ ಅಷ್ಟಕ್ಕಷ್ಟೇ. ಆದರೆ ಗಾಳಿಗೆ ಬಂದವರಿಗೆ ಪಾಠ ಮಾಡದೆ ಕಳಿಸಿದವನೂ ಅಲ್ಲ.

"ಎಷ್ಟು ಹಾಕ್ಲಿ?" ಎಂದು ಕೇಳುತ್ತಿದ್ದ. "ನೀನೇ ನೋಡಿ ಹಾಕಪ್ಪಾ" ಎಂದರೆ ಮುಗಿಯಿತು. ಡ್ರೈವರ್ ಕಡೆಯ ಬಾಗಿಲು ತೆಗೆಸಿ, ಅದರ ಅಂಚಿಗೆ ಅಂಟಿಸಿದ ಸ್ಟಿಕ್ಕರಿನ ಮೇಲೆ ಬೆರಳಿಟ್ಟು, "ಗಾಡಿ ತಗೊಂಡು ಎಷ್ಟು ವರ್ಷ ಆಯ್ತು? ಇದನ್ನ ಒಂದು ಸಲ ಓದಿದೀರಾ?" ಎಂದು ಶುರು ಮಾಡುತ್ತಿದ್ದ. ಖಾಲಿ ಗಾಡಿಗೆ ಒಂದು ಅಳತೆ, ಜನ ಸಾಮಾನು ತುಂಬಿದ ಗಾಡಿಗೆ ಇನ್ನೊಂದು. ದೂರದಿಂದ ಓಡಿ ಬಂದ ಬಿಸಿ ಟೈರು ಸುಳ್ಳು ಹೇಳುತ್ತದೆ, ಆರಿದ ಮೇಲೆ ಅಳೆಯಬೇಕು. ಟೈರಿಗೆ ಕಾಲಲ್ಲಿ ಒದ್ದು "ಗಾಳಿ ಇದೆ ಬಿಡು" ಎನ್ನುವವರನ್ನು ಕಂಡರಂತೂ ಅವನಿಗೆ ಮೈಯೆಲ್ಲ ಉರಿ. "ಡಾಕ್ಟ್ರು ನಿಮ್ಮನ್ನ ಒದ್ದು ಜ್ವರ ನೋಡ್ತಾರಾ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿಬಿಡುತ್ತಿದ್ದ. ಜನ ನಗುತ್ತಿದ್ದರು, ಮತ್ತೆ ಅವನ ಹತ್ತಿರವೇ ಬರುತ್ತಿದ್ದರು. ಇದರಿಂದ ಅವನ ತಲೆ ಸ್ವಲ್ಪ ತಿರುಗಿತ್ತು ಅನ್ನುವುದನ್ನೂ ಹೇಳಿಬಿಡಬೇಕು. ವಿನಯ ಅನ್ನುವುದು ಅವನ ಜಾತಕದಲ್ಲೇ ಇರಲಿಲ್ಲ.

ಮದುವೆಯಾಗಿರಲಿಲ್ಲ. ಬಂಕಿನ ಹಿಂದಿನ ಬೀದಿಯಲ್ಲಿ ಒಂಟಿ ಕೋಣೆ. ಇಷ್ಟು ದೊಡ್ಡ ಲೋಕದಲ್ಲಿ ಅವನಿಗೆ ನಮ್ಮವರು ಅಂತಿದ್ದದ್ದು ಅಕ್ಕ ಒಬ್ಬಳೇ. ಬಟ್ಟೆ ಹೊಲಿಯುವವಳು, ಬಾಯಿ ಜೋರು. ಅಕ್ಕನ ಗಂಡ, ಅಂದರೆ ಭಾವ, ಗಡಿಯಾರ ರಿಪೇರಿ ಮಾಡುವವರು. ಮಾತು ಕಡಿಮೆ. ಭಾನುವಾರದ ಊಟ ಅಕ್ಕನ ಮನೆಯಲ್ಲೇ. ಊಟಕ್ಕೆ ಕೂತಾಗ ಅಕ್ಕ ಯಾರ ಮುಂದೆಯಾದರೂ ತಮ್ಮನ ಗುಣಗಾನ ಮಾಡಲೇಬೇಕು. "ನನ್ನ ತಮ್ಮ ತುಂಬಿದ ಗಾಳಿ ಅಂದ್ರೆ ಕಣ್ಣು ಮುಚ್ಕೊಂಡು ಲೋಕ ಸುತ್ತಿ ಬರಬಹುದು" ಎನ್ನುತ್ತಿದ್ದಳು.

ಗಾಳಿ ಅಳೆಯುವ ಬಂಕಿನ ಗೇಜು ಹಳೆಯದು. ಅದರ ಮುಳ್ಳಿಗೆ ಒಂದು ರೋಗವಿತ್ತು, ಇದ್ದದ್ದಕ್ಕಿಂತ ಐದು ಪೌಂಡು ಕಡಿಮೆ ತೋರಿಸುತ್ತಿತ್ತು. ಮೂವತ್ತೆರಡು ಬೇಕಾದ ಕಾರಿಗೆ ಇಪ್ಪತ್ತೇಳರ ಗೆರೆಯಲ್ಲಿ ಕೈ ಬಿಟ್ಟರೆ ಸರಿ. ಮಾಲೀಕರಿಗೆ ಹೊಸದು ತರಿಸಿ ಎಂದು ಹೇಳಿ ಹೇಳಿ ಸಾಕಾಗಿ ಮೇಷ್ಟ್ರು ಆ ರೋಗದ ಜೊತೆಗೇ ಸಂಸಾರ ಮಾಡಿದ್ದ. ವರ್ಷಗಟ್ಟಲೆ ಐದನ್ನು ಕಳೆದು ಕಳೆದು, ಕೊನೆಗೆ ಕಳೆಯುವುದನ್ನೂ ಬಿಟ್ಟ. ಮುಳ್ಳು ಇಪ್ಪತ್ತೇಳಕ್ಕೆ ಬಂದರೆ ಹಿಡಿ ಒತ್ತಿದ ಬೆರಳು ತಾನಾಗಿ ಸಡಿಲವಾಗುತ್ತಿತ್ತು. ಅದನ್ನೂ ಒಂದು ಹೆಚ್ಚುಗಾರಿಕೆ ಅಂತಲೇ ತಿಳಿದಿದ್ದ.

ಅಂಥದರಲ್ಲಿ ಒಂದು ದಿನ ಮಾಲೀಕರಿಗೆ ಅದೇನು ಬುದ್ಧಿ ಬಂತೋ, ಹೊಸ ಗೇಜು ತಂದು ಕೊಟ್ಟರು. ಮೇಷ್ಟ್ರು ತಿರುಗಿಸಿ ಮುರುಗಿಸಿ ನೋಡಿ ಖುಷಿಪಟ್ಟ. ಮೊದಲೆರಡು ದಿನ ಮೈಯೆಲ್ಲ ಕಣ್ಣಾಗಿ, ಮೂವತ್ತೆರಡು ಅಂದರೆ ಮೂವತ್ತೆರಡಕ್ಕೇ ತುಂಬಿದ. ಆಮೇಲೆ ಹೊಸದು ಹಳತಾಯಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ. ರೂಢಿಯೇನು ಕಡಿಮೆಯೇ?

ಆ ವಾರದಲ್ಲೇ ಅಕ್ಕ ಭಾವ ಕಾರಿನಲ್ಲಿ ಬಂದರು. ಮಗಳು ಬೇರೆ ಊರಲ್ಲಿ ಹೊಸದಾಗಿ ಮನೆ ಹೂಡಿದ್ದಳು, ಅವಳಿಗೆ ಸಾಮಾನು ಒಯ್ಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಹೊಲಿಗೆ ಯಂತ್ರ, ಎರಡು ಹಾಸಿಗೆ, ಪಾತ್ರೆಯ ಪೆಟ್ಟಿಗೆ. ಕಾರಿನ ಹಿಂಬದಿ ನೆಲಕ್ಕೆ ಕುಗ್ಗಿತ್ತು. ಬೇರೆಯವರ ಗಾಡಿಯಾಗಿದ್ದರೆ ಮೇಷ್ಟ್ರು ಸ್ಟಿಕ್ಕರು ತೋರಿಸಿ, ಭಾರ ತುಂಬಿದೆ, ಮೂವತ್ತಾರು ಬೇಕು ಅಂತ ಪಾಠ ಮಾಡುತ್ತಿದ್ದ. ಇದು ಅಕ್ಕನ ಗಾಡಿ. ಮಗಳು ಹೇಗಿದ್ದಾಳೆ, ಮನೆ ಎಷ್ಟು ದೊಡ್ಡದು, ನೀರು ಚೆನ್ನಾಗಿ ಬರುತ್ತಾ ಅಂತ ಕೇಳುತ್ತಾ, ಅಕ್ಕ ಕಿಟಕಿಯಿಂದ ಕೊಟ್ಟ ಬಾಳೆಹಣ್ಣು ತಿನ್ನುತ್ತಾ, ನಾಲ್ಕು ಚಕ್ರಕ್ಕೂ ಕೊಳವೆ ಹಿಡಿದ. ಬೆರಳು ತನಗೆ ಗೊತ್ತಿದ್ದ ಗೆರೆಯಲ್ಲಿ ಸಡಿಲವಾಯಿತು.

"ದೂರ ಹೋಗ್ತಿದೀವಿ, ಸರಿ ಇದೆ ತಾನೆ?" ಎಂದರು ಭಾವ.

"ಅವನನ್ನ ಕೇಳ್ತೀರಲ್ಲ!" ಎಂದು ಅಕ್ಕ ಗದರಿದಳು. ಮೇಷ್ಟ್ರು ಬೀಗಿದ.

ಮಧ್ಯಾಹ್ನದ ಬಿಸಿಲಿನಲ್ಲಿ ಹೆದ್ದಾರಿಯ ಮೇಲೆ ಹಿಂದಿನ ಟೈರು ಸಿಡಿಯಿತು. ಕಾರು ಸುತ್ತು ಹೊಡೆದು ರಸ್ತೆ ಪಕ್ಕದ ಗುಂಡಿಗೆ ಇಳಿಯಿತು. ಭಾವನಿಗೆ ತರಚಿದ ಗಾಯ. ಅಕ್ಕನ ಬಲಗೈ ಮಣಿಕಟ್ಟಿನ ಹತ್ತಿರ ಎರಡು ಕಡೆ ಮುರಿಯಿತು, ಕತ್ತರಿ ಹಿಡಿಯುವ ಕೈ.

ಮೇಷ್ಟ್ರು ಆಸ್ಪತ್ರೆಗೆ ಓಡಿದ, ಅತ್ತ, ಹಗಲು ರಾತ್ರಿ ನೋಡಿಕೊಂಡ. ಆಗಿನ್ನೂ ಅವನಿಗೆ ಏನೂ ಗೊತ್ತಿರಲಿಲ್ಲ. ಕೆಲಸಕ್ಕೆ ಮರಳಿದ ದಿನ ಒಬ್ಬ ಟ್ಯಾಕ್ಸಿಯವನು ಬಂದು, "ಏನು ಮೇಷ್ಟ್ರೇ, ಮೊನ್ನೆ ನೀವು ತುಂಬಿದ್ದು ಐದು ಕಡಿಮೆ ಇತ್ತಂತೆ? ಟೈರ್ ಅಂಗಡೀಲಿ ನೋಡಿ ನಕ್ಕುಬಿಟ್ರು" ಎಂದ. ಮೇಷ್ಟ್ರು ಜಗಳಕ್ಕೇ ನಿಂತ. ಟ್ಯಾಕ್ಸಿಗೆ ಕೊಳವೆ ಹಿಡಿದು, ಅಗೋ ನೋಡು ಎನ್ನುತ್ತಾ ಮುಳ್ಳಿನ ಕಡೆ ಬಗ್ಗಿದ. ಬೆರಳು ಇಪ್ಪತ್ತೇಳಕ್ಕೆ ಸಡಿಲವಾದದ್ದನ್ನು ತನ್ನ ಕಣ್ಣಾರೆ ಕಂಡ. ಅಕ್ಕನ ಕಾರು, ಹೊಲಿಗೆ ಯಂತ್ರ, ಬಾಳೆಹಣ್ಣು ಎಲ್ಲವೂ ಒಟ್ಟಿಗೆ ನೆನಪಿಗೆ ಬಂದವು.

ಆವತ್ತೇ ಹೋಗಿ ಹೇಳಬೇಕಿತ್ತು. ಹೇಳೋಣ ಅಂತಲೇ ಅಕ್ಕನ ಮನೆಗೆ ಹೋದ. ಅಂಗಳದಲ್ಲಿ, ಎಳೆದು ತಂದ ಕಾರಿನ ಪಕ್ಕ, ಸಿಡಿದ ಟೈರು ಬಿದ್ದಿತ್ತು. ಬದಿಯ ರಬ್ಬರು ಒಳಗಿನಿಂದ ಬೆಂದು ಪುಡಿಯಾಗಿತ್ತು. ಗಾಳಿ ಕಡಿಮೆಯಿದ್ದು ಓಡಿದ ಟೈರು ಅಂತ ಈ ಕಸುಬಿನ ಯಾರು ನೋಡಿದರೂ ಹೇಳುತ್ತಿದ್ದರು. "ಇದನ್ನ ನಾನು ಸಾಗಹಾಕ್ತೀನಿ" ಎಂದು ಹೊತ್ತುಕೊಂಡು ಹೋಗಿ ಗುಜರಿಗೆ ಕೊಟ್ಟುಬಂದ. ಅದರ ಜಾಗಕ್ಕೆ ಸ್ಟೆಪ್ನಿ ಹಾಕಿದ. ಅಲ್ಲಿಗೆ ಅವನ ತಪ್ಪು ಮರೆವಾಗಿ ಉಳಿಯಲಿಲ್ಲ, ಕಳ್ಳತನವಾಯಿತು. ಅದು ಅವನಿಗೂ ಗೊತ್ತಿತ್ತು.

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಭಾನುವಾರ ಊಟಕ್ಕೆ ಹೋಗದಿದ್ದರೆ ಅಕ್ಕ ಯಾಕೆ ಎಂದು ಕೇಳುತ್ತಾಳೆ, ಹೋದರೆ ಎದುರಿಗೆ ಭಾವ. ಅಕ್ಕ ಎಡಗೈಯಲ್ಲಿ ತಡಕಾಡುತ್ತಾ ಬಡಿಸುತ್ತಿದ್ದಳು, ಗಂಡನ ತಟ್ಟೆಗೆ ಬಂದಾಗ ಚಮಚ ಸದ್ದು ಮಾಡುತ್ತಿತ್ತು. "ನಿದ್ದೆ ಮಾಡ್ಕೊಂಡು ಗಾಡೀನ ಗುಂಡಿಗೆ ಇಳಿಸಿದ್ರು, ಅದಕ್ಕೇ ಟೈರು ಸಿಡೀತು, ನನ್ನ ಕೈ ಹೋಯ್ತು. ಇನ್ನು ಕೂತು ತಿನ್ನೋಣ ಇಬ್ರೂ" ಎನ್ನುತ್ತಿದ್ದಳು. ಭಾವ ತಲೆಯೆತ್ತುತ್ತಿರಲಿಲ್ಲ. ಮೊದಮೊದಲು, "ಇಲ್ಲ ಕಣೇ, ಎಚ್ಚರವಾಗೇ ಇದ್ದೆ" ಎಂದಿದ್ದ ಮನುಷ್ಯ ಬರಬರುತ್ತಾ, "ಒಂದು ಕ್ಷಣ ಕಣ್ಣು ಮುಚ್ಚಿತ್ತೋ ಏನೋ" ಎನ್ನತೊಡಗಿದ್ದರು. ಹೆಂಡತಿ ಹೇಳಿದ್ದನ್ನೇ ನಂಬಿಕೊಂಡುಬಿಟ್ಟಿದ್ದರು. ಅಂಗಡಿಗೂ ಸರಿಯಾಗಿ ಹೋಗುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಕದ್ದವನು ಅಂತಾರೆ. ಇಲ್ಲಿ ಕದ್ದವನು ಊಟ ಮಾಡುತ್ತಿದ್ದ, ಕದಿಯದವರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಪ್ರತಿ ವಾರ, ಕೈ ತೊಳೆದ ಮೇಲೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದ. ಕೈ ತೊಳೆದು ಮನೆಗೆ ಹೋಗುತ್ತಿದ್ದ.

ಎರಡು ತಿಂಗಳಾಗಿರಬೇಕು. ಒಂದು ಸಂಜೆ ಭಾವನೇ ಬಂಕಿನವರೆಗೆ ನಡೆದುಬಂದರು. "ಕಾರು ಮಾರ್ತಿದೀನಿ ಕಣಪ್ಪಾ, ಇನ್ನು ನಾನು ಓಡಿಸಲ್ಲ. ನಾಳೆ ಬೆಳಿಗ್ಗೆ ತಗೊಳ್ಳೋರು ಬರ್ತಾರೆ. ಅವತ್ತಿಂದ ನಿಂತೇ ಇದೆ. ಬಂದು ಸ್ವಲ್ಪ ಗಾಳಿ ನೋಡಿಬಿಡ್ತೀಯಾ?" ಎಂದರು.

ಮೇಷ್ಟ್ರಿಗೆ ಮೊದಲು ಭಯವಾಯಿತು. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ಹಗುರವೂ ಆಯಿತು. ಉಳಿದ ಮೂರು ಟೈರಿನಲ್ಲಿ ಅವತ್ತಿನ ಗಾಳಿಯೇ ಇತ್ತು. ಲೋಕದಲ್ಲಿ ಅವನ ತಪ್ಪಿಗೆ ಉಳಿದಿದ್ದ ಸಾಕ್ಷಿ ಅಂದರೆ ಅದೊಂದೇ. ಈಗ ಕರೆದು, ಒರೆಸಿ ಹೋಗು ಎನ್ನುತ್ತಿದ್ದಾರೆ. ಕೈಪಂಪು, ಗೇಜು ಚೀಲಕ್ಕೆ ಹಾಕಿಕೊಂಡು ಭಾವನ ಹಿಂದೆ ಹೊರಟ.

ಅಂಗಳದಲ್ಲಿ ಕಾರು ಧೂಳು ಹೊದ್ದು ನಿಂತಿತ್ತು. ಮೇಷ್ಟ್ರು ಮುಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು ಗೇಜು ಒತ್ತಿದ. ಇಪ್ಪತ್ತಾರು. ನಿಂತು ನಿಂತು ಒಂದು ಇಳಿದಿತ್ತು, ಅಷ್ಟೇ. ಬೇಗಬೇಗ ಪಂಪು ಜೋಡಿಸಿದ. ಅಕ್ಕ ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಬಂದಳು. "ನನ್ನ ತಮ್ಮ ಇಲ್ದಿದ್ರೆ ಇವರ ಗಾಡೀನ ನಾಯಿನೂ ಮೂಸ್ತಿರಲಿಲ್ಲ" ಎಂದಳು.

ಭಾವ ಬಾನೆಟ್ಟಿನ ಧೂಳು ಒರೆಸುತ್ತಿದ್ದರು. ಮೇಷ್ಟ್ರ ಕಡೆ ಬಗ್ಗಿ ಮೆಲ್ಲಗೆ ಹೇಳಿದರು: "ನಾಳೆ ಅವರು ಬಂದಾಗ ನೀನೂ ಇರಪ್ಪಾ. ಗಾಡೀದು ಏನೂ ತಪ್ಪಿಲ್ಲ, ತಪ್ಪೆಲ್ಲಾ ಓಡಿಸ್ದೋನ್ದು ಅಂತ ಹೇಳು. ನಿನ್ನ ಮಾತು ನಂಬ್ತಾರೆ."

ಪಂಪಿನ ಹಿಡಿ ಮೇಷ್ಟ್ರ ಕೈಯಲ್ಲೇ ನಿಂತಿತು. ಜನ ಮೇಷ್ಟ್ರ ಮೇಲಿಟ್ಟ ನಂಬಿಕೆಯನ್ನು ಈ ಮನುಷ್ಯ ತಮ್ಮ ವಿರುದ್ಧವೇ ಬಳಸಲು ಸಾಲ ಕೇಳುತ್ತಿದ್ದರು. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ಭಾವ, ಅವತ್ತು ನಿಮಗೆ ನಿದ್ದೆ ಬಂದಿರಲಿಲ್ಲ. ನಾನು ಗಾಳಿ ಕಡಿಮೆ ಹಾಕಿದ್ದೆ" ಎಂದುಬಿಟ್ಟ.

ಅಕ್ಕ ನಕ್ಕಳು. "ನೋಡಿದ್ರಾ? ಭಾವನ ಮರ್ಯಾದೆ ಉಳಿಸೋಕೆ ತಪ್ಪು ತನ್ನ ತಲೆಗೆ ಎಳ್ಕೊಳ್ತಿದಾನೆ. ಸಾಕು ಸುಮ್ನಿರೋ."

ಭಾವನ ಕಣ್ಣಲ್ಲಿ ನೀರು ಬಂತು. "ನಿನ್ನದು ದೊಡ್ಡ ಮನಸ್ಸು ಕಣಪ್ಪಾ" ಎಂದು ಮೇಷ್ಟ್ರ ಬೆನ್ನು ತಟ್ಟಿದರು. ಆ ತಟ್ಟುವಿಕೆಗೆ ಅವನು ಹೊಡೆತ ತಿಂದವನಂತೆ ಮುದುರಿಕೊಂಡ. ನಿಜ ಹೇಳಿದರೂ ಪುಣ್ಯವಂತನಾಗುವುದಾದರೆ ಇನ್ನೇನು ಮಾಡುವುದು? ಪಂಪಿನ ಕೊಳವೆ ಕಿತ್ತು, ಗೇಜನ್ನು ಭಾವನ ಕೈಗೆ ತುರುಕಿದ.

"ನೀವೇ ಒತ್ತಿ ನೋಡಿ. ಎಷ್ಟಿದೆ?"

"ಇಪ್ಪತ್ತಾರು."

"ಆ ಬಾಗಿಲು ತೆಗೀರಿ. ಭಾರ ತುಂಬಿದಾಗ ಎಷ್ಟಿರಬೇಕು ಅಂತ ಬರೆದಿದೆ?"

ಭಾವ ಕನ್ನಡಕ ಸರಿಮಾಡಿಕೊಂಡು ಓದಿದರು. "ಮೂವತ್ತಾರು."

"ನಿಂತಿರೋ ಗಾಡಿ, ಗಾಳಿ ಇಳಿದಿರುತ್ತೆ" ಎಂದಳು ಅಕ್ಕ. ಆದರೆ ದನಿ ಮೊದಲಿನಂತಿರಲಿಲ್ಲ.

"ಎರಡು ತಿಂಗಳಿಗೆ ಒಂದೋ ಎರಡೋ ಇಳಿಯತ್ತಕ್ಕಾ. ಮೂರು ಟೈರೂ ಒಂದೇ ಸಮ ಹತ್ತು ಇಳಿಯಲ್ಲ." ಹಳೆಯ ಗೇಜು, ಹೊಸ ಗೇಜು, ಬೆರಳು ನಿಂತ ಗೆರೆ, ಟ್ಯಾಕ್ಸಿಯವನು, ಗುಜರಿಗೆ ಕೊಟ್ಟ ಟೈರು, ಎಲ್ಲವನ್ನೂ ನೆಲ ನೋಡುತ್ತಾ ಹೇಳಿದ. ಭಾವ ಅಷ್ಟರಲ್ಲಿ ಉಳಿದೆರಡು ಚಕ್ರಕ್ಕೂ ಗೇಜು ಒತ್ತಿ ನೋಡಿದ್ದರು. ಗಡಿಯಾರದವರಲ್ಲವೇ, ಮುಳ್ಳು ಹೇಳಿದ್ದು ಅವರಿಗೆ ಅರ್ಥವಾಯಿತು. ಚಕ್ರದ ಪಕ್ಕ ಮಣ್ಣಿನಲ್ಲೇ ಕೂತುಬಿಟ್ಟರು.

"ಹಾಗಾದ್ರೆ ನನಗೆ ನಿದ್ದೆ ಬಂದಿರಲಿಲ್ಲ" ಎಂದರು. ಮತ್ತೆ ಇನ್ನೊಂದು ಸಲ, ಹೆಂಡತಿಯ ಕಡೆ ತಿರುಗಿ, "ನಿದ್ದೆ ಬಂದಿರಲಿಲ್ಲ ಕಣೇ" ಎಂದರು. ಬಯ್ಯುವ ದನಿಯಲ್ಲ. ಚಿಕ್ಕ ಹುಡುಗನ ಹಾಗೆ ಅಳುತ್ತಿದ್ದರು.

ಅಕ್ಕ ಮೆಟ್ಟಿಲಿಳಿದು ಬಂದಳು. ತಮ್ಮನ ಎದುರಿಗೆ ನಿಂತಳು.

"ಗಾಳಿ ಮರೆತೆ, ಹೋಗ್ಲಿ. ಮನುಷ್ಯ ಅಂದ್ಮೇಲೆ ಮರೀತಾನೆ. ನನ್ನ ಕೈ ಮುರೀತು, ಅದೂ ಹೋಗ್ಲಿ" ಎಂದಳು. "ಆದ್ರೆ ಪ್ರತಿ ಭಾನುವಾರ ನಾನು ಇವರಿಗೆ ಬಾಯಿಗೆ ಬಂದ ಹಾಗೆ ಅಂತಿದ್ದೆನಲ್ಲ, ಎದುರಿಗೇ ಕೂತಿದ್ದೆಯಲ್ಲೋ ನೀನು. ಇನ್ನೊಂದು ಸ್ವಲ್ಪ ಹಾಕು ಅಂತ ತಟ್ಟೆ ಒಡ್ಡಿದೆ. ಅಂದದ್ದನ್ನೆಲ್ಲಾ ಈಗ ನಾನು ಹೇಗೆ ವಾಪಸ್ ತಗೊಳ್ಳಲಿ?"

ಬೈದಿದ್ದರೆ, ಎಡಗೈಯಲ್ಲೇ ನಾಲ್ಕು ಬಿಗಿದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದ. ಅವಳು ಗಂಡನ ಪಕ್ಕಕ್ಕೆ ಹೋಗಿ, ಏನು ಮಾಡಬೇಕೋ ತೋಚದೆ, ಅವರ ಅಂಗಿಗೆ ಹತ್ತಿದ ಮಣ್ಣು ಕೊಡವುತ್ತಾ ನಿಂತಳು.

ಭಾವ ಎದ್ದರು, ಕಣ್ಣೊರೆಸಿಕೊಂಡರು. "ನಾಳೆ ಬರೋರಿಗೆ ಬರಬೇಡಿ ಅಂತ ಹೇಳ್ತೀನಿ" ಎಂದು ಹೇಳಿ ತಾವೇ ಪಂಪಿನ ಹಿಡಿ ಹಿಡಿದರು. ಮೇಷ್ಟ್ರು ಸಹಾಯಕ್ಕೆ ಕೈ ಚಾಚಿದವನು ಹಿಂದೆಗೆದುಕೊಂಡ. ವಾಲ್ವಿನ ಮುಚ್ಚಳ ಅಂಗೈಯಲ್ಲಿ ಹಿಡಿದುಕೊಂಡು ಬದಿಗೆ ನಿಂತ. ಅಭ್ಯಾಸವಿಲ್ಲದ ಭಾವ ಏದುಸಿರು ಬಿಡುತ್ತಾ ಒತ್ತಿದರು, ನಿಲ್ಲಿಸಿದರು, ಗೇಜು ಹಚ್ಚಿದರು. ಅವರಿಗೆ ಅನುಮಾನ ಬಂತು.

"ಇಷ್ಟು ಸಾಕೇನಪ್ಪಾ?" ಎಂದು ಮೇಷ್ಟ್ರ ಕಡೆ ತಿರುಗಿದರು.

"ಅವನನ್ನ ಯಾಕೆ ಕೇಳ್ತೀರಾ?" ಎಂದಳು ಅಕ್ಕ. "ಮುಳ್ಳು ನೋಡ್ಕೊಳ್ಳಿ."