ತಾತನ ದಮ್ಮು, ರುದ್ರಣ್ಣನ ಹೆಡ್‌ಫೋನು

ಮೊನ್ನೆ ಶನಿವಾರ ಬೆಳಿಗ್ಗೆ ಬಾಳೆದಿಂಡು ಹೆಚ್ಚುತ್ತಿದ್ದೆ. ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ನಾರನ್ನು ತೋರುಬೆರಳಿಗೆ ಸುತ್ತಿಕೊಂಡು, ಹೋಳನ್ನು ಮಜ್ಜಿಗೆ ನೀರಿಗೆ ಹಾಕುತ್ತಿರುವಾಗ ಪಕ್ಕದಲ್ಲಿದ್ದ ಮೊಬೈಲ್ ಕಿಣಿ ಎಂದಿತು. ಮೊಣಕೈಯಿಂದ ಹತ್ತಿರ ಎಳೆದುಕೊಂಡು ನೋಡಿದೆ. ‘ಕೀಲ್ಪಾಕ್ ಜಾಸ್ ಸಭಾ’ ಎಂಬ ವಾಟ್ಸಾಪ್ ಗ್ರೂಪಿನಿಂದ ರುದ್ರಣ್ಣ ಹೊರಟುಹೋಗಿದ್ದರು.

ದೊಡ್ಡ ಗ್ರೂಪಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದರಲ್ಲಿ ಇದ್ದವರೇ ಮೂವರು: ನಮ್ಮ ಯಜಮಾನರು, ಅವರ ಸ್ನೇಹಿತ ರುದ್ರಣ್ಣ ಮತ್ತು ನಾನು. (ನನಗೆ ಜಾಸ್ ಸಂಗೀತ ಗೊತ್ತು ಎಂದಲ್ಲ. ಭಾನುವಾರ ತಿಂಡಿ ಏನು ಎಂದು ವಿಚಾರಿಸಲು ಸೇರಿಸಿಕೊಂಡಿದ್ದರು.) ಈಗ ಉಳಿದದ್ದು ಗಂಡ, ಹೆಂಡತಿ. ಒಂದೇ ಮನೆಯ ಗಂಡ ಹೆಂಡತಿಗೆ ಪ್ರತ್ಯೇಕ ಗ್ರೂಪ್ ಯಾಕೆ, ಹೇಳಿ?

ನಾವು ಉಡುಪಿ ಕಡೆಯ ಹೋಟೆಲಿನವರು. ರುದ್ರಣ್ಣನ ಮನೆಯವರು ತುಮಕೂರು ಕಡೆಯಿಂದ ಈ ತಮಿಳರ ಊರಿಗೆ ಬಂದು ಬಟ್ಟೆ ವ್ಯಾಪಾರ ಹಿಡಿದು ಮೂರು ತಲೆಮಾರಾಯಿತು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಅರ್ಧ ಕನ್ನಡ ಅರ್ಧ ತಮಿಳು. ಪ್ರಾಯದಲ್ಲಿ ನಮ್ಮ ಯಜಮಾನರು ಹೋಟೆಲಿನ ಗಲ್ಲಾದ ಮೇಲೆ ಕೂತಿದ್ದಾಗ ಕಾಫಿಗೆ ಬಂದ ರುದ್ರಣ್ಣನ ಕಂಕುಳಲ್ಲಿ ಒಂದು ಜಾಸ್ ರೆಕಾರ್ಡ್ ಇತ್ತಂತೆ. ಅದೇನು ಎಂದು ಇವರು ಕೇಳಿದರಂತೆ. ಅಷ್ಟೇ, ಕೆಟ್ಟರು. ಅಂದಿನಿಂದ ಪ್ರತಿ ಭಾನುವಾರ ನಮ್ಮ ಹಾಲಿನಲ್ಲಿ ಕಛೇರಿ.

ಸ್ಯಾಕ್ಸೊಫೋನ್ ನನಗೇನೂ ಹೊಸದಲ್ಲ. ನಮ್ಮೂರ ಕಡೆ ಮದುವೆಗೂ ಅದು ಬೇಕು, ದೇವರ ಉತ್ಸವಕ್ಕೂ ಬೇಕು. ಆದರೆ ಇವರಿಬ್ಬರ ಸ್ಯಾಕ್ಸೊಫೋನಿನಲ್ಲಿ ಪಲ್ಲವಿ ಎಲ್ಲಿ ತಪ್ಪಿಸಿಕೊಂಡಿತು ಎಂದು ನಾನು ಹುಡುಕುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ಬೆಂದಿರುತ್ತದೆ.

ಜಗಳಕ್ಕೆ ಕಾರಣವೂ ಒಂದು ಸ್ಯಾಕ್ಸೊಫೋನೇ. ಅಮೆರಿಕದ ಒಬ್ಬ ಹಿರಿಯ ವಾದಕನ ಹೊಸ ಲೈವ್ ಆಲ್ಬಮ್. (ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನಾನು ‘ತಾತ’ ಎನ್ನುತ್ತೇನೆ.) ಹಿಂದೆ ಸ್ಟುಡಿಯೋದಲ್ಲಿ ನುಡಿಸಿದ್ದನ್ನೇ ತಾತ ಈಗ ಜನರ ಎದುರು ನುಡಿಸಿದ್ದಾರೆ. ಕೆಮ್ಮು, ಚಪ್ಪಾಳೆ, ಯಾರೋ ಗ್ಲಾಸ್ ಕೆಡವಿದ ಸದ್ದು ಎಲ್ಲವೂ ಅದರಲ್ಲಿದೆ.

“ಲೈವ್ ಅಂದ್ರೆ ಕಾವಲಿಯಿಂದ ಈಗ ಎದ್ದ ದೋಸೆ. ಅಂಚು ಸ್ವಲ್ಪ ಸೀದ್ರೂ ಅದರ ರುಚಿಯೇ ಬೇರೆ,” ಎಂದು ಇವರು.

“ಸ್ಟುಡಿಯೋದ್ದು ಅಳತೆ ತಗೊಂಡು ಹೊಲಿದ ಜುಬ್ಬ. ಇದು ಸುಮ್ಮಾ ತುಂಡು ಬಟ್ಟೆ,” ಎಂದು ರುದ್ರಣ್ಣ. “ತಾತನಿಗೆ ದಮ್ ಇಲ್ಲಪ್ಪಾ. ಪಿಯಾನೋ ಹಿಂದೆ ಎಲ್ಲೋ ನಿಂತು ಊದ್ತಾರೆ. ಪಾವಂ, ವಯಸ್ಸಾಯ್ತು.”

“ಎಂಥ ಮಾತು ಮಾರಾಯ? ಸ್ಪೀಕರ್ ಹರಿದುಹೋಗುವ ಹಾಗೆ ಊದ್ತಿದ್ದಾರೆ!”

“ನಿನ್ನ ಸ್ಪೀಕರ್ ಪೊಯ್ ಹೇಳತ್ತೆ. ಹೆಡ್‌ಫೋನ್ ಸುಳ್ಳು ಹೇಳಲ್ಲ.”

ರುದ್ರಣ್ಣ ಮನೆಯಲ್ಲಿ ಹೆಡ್‌ಫೋನಿನಲ್ಲೇ ಕೇಳುವುದು. ಬೇರೆ ದಾರಿಯಿಲ್ಲ. ಜಾಸಿನ ಒಂದು ಸ್ವರ ಹೊರಬಿದ್ದರೂ ಅವರ ಹೆಂಡತಿ ಟಿವಿ ಸೀರಿಯಲ್ಲಿನ ವಾಲ್ಯೂಮ್ ಏರಿಸುತ್ತಾರೆ.

ಮಾತು ಗ್ರೂಪಿಗೂ ಹೋಯಿತು. ಶುಕ್ರವಾರ ಇವರು ಬರೆದರು: ‘ವಯಸ್ಸಾದದ್ದು ತಾತನಿಗಲ್ಲ, ನಿನಗೆ.’ ಶನಿವಾರ ಬೆಳಿಗ್ಗೆ ರುದ್ರಣ್ಣ ಗ್ರೂಪ್ ಬಿಟ್ಟರು.

“ಹೋದ್ರೆ ಹೋಗ್ಲಿ,” ಎಂದು ಇವರು ಪೇಪರ್ ಬಿಡಿಸಿದರು. ಆದರೆ ಮಧ್ಯಾಹ್ನದವರೆಗೂ ಪ್ಲೇಯರ್ ಮುಟ್ಟಲಿಲ್ಲ. ಪೇಪರಿನ ಪುಟವೂ ತಿರುಗಲಿಲ್ಲ. ‘ನೀನು ಹೇಳಿದ್ದು ತಪ್ಪು’ ಎನ್ನಲು ಎದುರಿಗೆ ಒಬ್ಬನಿಲ್ಲದಿದ್ದರೆ ಸಂಗೀತ ಕೇಳಿ ಏನು ಪ್ರಯೋಜನ? ಇವರಿಗಿರುವುದು ಒಬ್ಬನೇ ರುದ್ರಣ್ಣ. ಈ ವಯಸ್ಸಿನಲ್ಲಿ ಇನ್ನೊಬ್ಬನನ್ನು ಎಲ್ಲಿಂದ ತರುವುದು?

ದಿಂಡಿನ ಪಲ್ಯ ಇಳಿಸಿ ನಾನೇ ಫೋನ್ ಮಾಡಿದೆ. “ರುದ್ರಣ್ಣ, ಗ್ರೂಪ್ ಬಿಟ್ಟಿರಿ, ಸರಿ. ನಾಳೆ ಪತ್ರೊಡೆ ಮಾಡ್ತೇನೆ. ಅದನ್ನೂ ಬಿಟ್ರಾ?”

“ತಂಗಚ್ಚಿ, ನಿನ್ನ ಮುಖ ನೋಡಿ ಬರ್ತೀನಿ. ಹೆಡ್‌ಫೋನೂ ತರ್ತೀನಿ. ನಿನ್ನ ಯಜಮಾನ ಆ ಭಟ್ಟನಿಗೆ ಪ್ರೂಫ್ ಕೊಟ್ಟೇ ಹೋಗ್ತೀನಿ.”

ಬಂದರು. ಪತ್ರೊಡೆ ತಿಂದರು. ಇಬ್ಬರೂ ಒಬ್ಬರಿಗೊಬ್ಬರು ಮಾತಾಡದೆ ನನ್ನೊಡನೆ ಮಾತಾಡಿದರು. ಕೈ ತೊಳೆದದ್ದೇ ತಡ, ರುದ್ರಣ್ಣ ತಮ್ಮ ಹೆಡ್‌ಫೋನನ್ನು ಇವರ ತಲೆಗೇರಿಸಿದರು.

“ಕೇಳು. ಎಲ್ಲಿದೆ ದಮ್?”

“ಇಲ್ಲೇ ಇದೆಯಲ್ಲ ಮಾರಾಯ, ಕಿವಿ ಒಡೆಯುವ ಹಾಗೆ!”

“ಹಟ! ಸುಮ್ನೆ ಹಟ! ತಂಗಚ್ಚಿ, ನೀನು ಕೇಳಿ ಹೇಳು. ನಿನಗೆ ಯಾವ ಪಾರ್ಟಿಯೂ ಇಲ್ಲ.”

ಕೈ ಒರೆಸಿಕೊಂಡು ಹಾಕಿಕೊಂಡೆ. ಚೆನ್ನಾಗಿಯೇ ಕೇಳುತ್ತಿತ್ತು. ಒಂದು ಕಿವಿಯಲ್ಲಿ ತಾತ, ಇನ್ನೊಂದರಲ್ಲಿ ಪಿಯಾನೋ, ಪಂಕ್ತಿಯಲ್ಲಿ ಎದುರುಬದುರು ಕುಳಿತವರ ಹಾಗೆ. “ಇಬ್ಬರೂ ಜೋರಾಗಿಯೇ ಇದ್ದಾರಲ್ಲ?” ಎಂದು ತೆಗೆದುಕೊಟ್ಟೆ.

ನನ್ನ ಮೇಲೂ ನಂಬಿಕೆ ಹೋಯಿತೇನೋ, ರುದ್ರಣ್ಣ ಕಿತ್ತುಕೊಂಡು ತಾವೇ ಹಾಕಿಕೊಂಡರು. ಮುಖ ಅರಳಿತು. “ಅಡಡಾ! ತಾತನಿಗೆ ಎಲ್ಲಿಂದ ಬಂತು ಈ ದಮ್?” ಮರುಕ್ಷಣ ಹುಬ್ಬು ಗಂಟಾಯಿತು. “ಪಿಯಾನೋ ಎಲ್ಲಿ ಹೋಯ್ತು?”

“ಉಲ್ಟಾ ಹಾಕಿಕೊಂಡಿದ್ದಿ. ಎಡದ್ದು ಬಲಕ್ಕೆ ಬಂದಿದೆ ನೋಡು,” ಎಂದರು ಇವರು.

ರುದ್ರಣ್ಣ ತಿರುಗಿಸಿ ಹಾಕಿಕೊಂಡರು. ಪಿಯಾನೋ ಬಂತು, ತಾತ ಹೋದರು. ಮತ್ತೆ ತಿರುಗಿಸಿದರು. ತಾತ ಬಂದರು, ಪಿಯಾನೋ ಹೋಯಿತು. ಆಮೇಲೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು, ಎಡಗಿವಿಯ ಪಕ್ಕ ಚಿಟಿಕೆ ಹೊಡೆದುಕೊಂಡರು. ಇನ್ನೊಮ್ಮೆ ಹೊಡೆದುಕೊಂಡರು.

“ಭಟ್ಟಾ,” ಎಂದರು ಮೆಲ್ಲಗೆ. “ಈ ಕಡೆ ಏನೂ ಇಲ್ಲವೋ.”

ಇವರ ಮುಖ ನೋಡಬೇಕಿತ್ತು. ಗೆದ್ದವರ ಮುಖವಾಗಿರಲಿಲ್ಲ ಅದು.

“ಯಾವಾಗಿಂದ ರುದ್ರಾ?”

“ಗೊತ್ತಿಲ್ಲ. ಹೆಂಡತಿ ಸೋಫಾದಲ್ಲಿ ಎಡಗಡೆ ಕೂತ್ಕೊಳ್ಳೋದು. ಇತ್ತೀಚೆಗೆ ಕೊಂಚ ಸಮಾಧಾನವಾಗಿದ್ದಾಳೆ ಅಂದ್ಕೊಂಡಿದ್ದೆ.”

ನಗು ಬರಬೇಕಾದ ಮಾತು. ಯಾರೂ ನಗಲಿಲ್ಲ. ಇವತ್ತು ಒಂದು ಕಿವಿ, ನಾಳೆ ಇನ್ನೊಂದು ಎಂದು ಮೂವರ ತಲೆಯಲ್ಲೂ ಓಡುತ್ತಿತ್ತು. ಕಣ್ಣು ಹೋದರೂ ಸಹಿಸಿಕೊಂಡಾರು ರುದ್ರಣ್ಣ, ಕಿವಿ ಹೋದರೆ ಅವರಿಗೆ ಉಳಿಯುವುದೇನು?

ಸೋಮವಾರ ಬೆಳಿಗ್ಗೆ ಇವರೇ ಆಟೋ ಹಿಡಿದು ಅವರನ್ನು ಕಿವಿಯ ಡಾಕ್ಟರ ಬಳಿ ಕರೆದುಕೊಂಡು ಹೋದರು. ನಾನು ದೇವರ ಮುಂದೆ ಇನ್ನೊಂದು ದೀಪ ಹಚ್ಚಿದೆ. ಕೃಷ್ಣಾ, ಕೊಳಲು ಹಿಡಿದವನು ನೀನು, ಕಿವಿಯ ಬೆಲೆ ನಿನಗೆ ನಾನು ಹೇಳಬೇಕೇ? (ನಮ್ಮ ಉಡುಪಿಯವನ ಕೈಯಲ್ಲಿರುವುದು ಕಡೆಗೋಲು, ನಿಜ. ಆದರೆ ಇಬ್ಬರೂ ಒಬ್ಬನೇ ಅಲ್ಲವೇ?)

ಒಂದೂವರೆ ಗಂಟೆಯಲ್ಲಿ ಬಾಗಿಲಲ್ಲಿ ದೊಡ್ಡ ನಗು ಕೇಳಿಸಿತು. ಗುಗ್ಗೆ! ಬರೀ ಗುಗ್ಗೆ! ಆಲ್ಬಮ್ ಕೇಳುವ ಮುಂಚೆ ಕಿವಿ ಶುದ್ಧವಾಗಿರಬೇಕೆಂದು ರುದ್ರಣ್ಣ ದಿನವೂ ಹತ್ತಿಯ ಕಡ್ಡಿ ಹಾಕಿ ತಿರುವುತ್ತಿದ್ದರಂತೆ. ತಿರುವಿದಷ್ಟೂ ಅದು ಒಳಗೆ ಹೋಗಿ ಗಟ್ಟಿಯಾಗಿ ಕೂತಿದೆ. ಚೆನ್ನಾಗಿ ಕೇಳಬೇಕೆಂಬ ಭಕ್ತಿಯೇ ಅವರ ಕಿವಿ ಮುಚ್ಚಿತ್ತು. ಡಾಕ್ಟರು ತೆಗೆದು, ಇನ್ನು ಕಡ್ಡಿ ಮುಟ್ಟಬೇಡಿ ಎಂದು ಬೈದು ಕಳಿಸಿದರಂತೆ.

ಕಾಫಿ ಬೆರೆಸುತ್ತಾ ಯೋಚಿಸಿದೆ. ನಾವೆಲ್ಲ ಹೀಗೆಯೇ ಅಲ್ಲವೇ? ನೆಗಡಿ ಬಂದವರು ಸಾರಿಗೆ ಘಮವಿಲ್ಲ ಎನ್ನುತ್ತಾರೆ. ಕನ್ನಡಕ ಒರೆಸದವರು ಗುಡಿಸಿದ ನೆಲದಲ್ಲಿ ಕಸ ಕಾಣುತ್ತಾರೆ. ಕೇಳಿಸಲಿಲ್ಲವೇ, ಊದುವವನಿಗೆ ದಮ್ಮಿಲ್ಲ! ಸಮುದ್ರದಾಚೆ ಇರುವ ಒಬ್ಬ ಮುದುಕನ ಉಸಿರಿನ ಮೇಲೆ ಇಲ್ಲಿ ಕೀಲ್ಪಾಕಿನಲ್ಲಿ ಕೂತು ತೀರ್ಪು ಕೊಟ್ಟುಬಿಡುತ್ತೇವೆ. ರುದ್ರಣ್ಣನದು ಗುಗ್ಗೆ, ತೆಗೆದರೆ ಬಂತು. ಎಲ್ಲರದ್ದೂ ಅಷ್ಟು ಸುಲಭವಾಗಿ ಬರುತ್ತದೆಯೇ?

ಹಾಲಿನಲ್ಲಿ ರುದ್ರಣ್ಣ ಕಣ್ಣು ಮುಚ್ಚಿ, ಹೆಡ್‌ಫೋನ್ ಹಾಕಿ, ತಾತನನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದರು. ಇವರು ಪರೀಕ್ಷೆಯ ರಿಸಲ್ಟಿಗೆ ಕಾಯುವವರ ಹಾಗೆ ಅತ್ತಿಂದಿತ್ತ ಓಡಾಡಿದರು.

ಕೊನೆಗೆ ರುದ್ರಣ್ಣ ಕಣ್ಣು ತೆರೆದರು. ಕಣ್ಣು ಒದ್ದೆಯಾಗಿತ್ತು. “ದಮ್ ಇದೆ,” ಎಂದರು. “ಒಪ್ಪಿದೆ. ಭಯಂಕರ ದಮ್.”

“ನಾನು ಹೇಳ್ಲಿಲ್ವಾ?” ಇವರ ಎದೆ ಉಬ್ಬಿತು.

“ಆದ್ರೂ ಸ್ಟುಡಿಯೋದೇ ಮೇಲು. ಈ ಸಲ ಎರಡೂ ಕಿವಿಯಲ್ಲಿ ಕೇಳಿ ಹೇಳ್ತಿದೀನಿ.”

“ಎಂಥ ಮನುಷ್ಯನೋ ನೀನು! ಕೂತ್ಕೋ, ಇನ್ನೊಮ್ಮೆ ಹಾಕ್ತೇನೆ!”

ಶುರುವಾಯಿತು. ಧ್ವನಿ ಏರಿತು. ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರು. ಸದ್ಯಕ್ಕೆ ಮುಗಿಯುವ ಲಕ್ಷಣ ಕಾಣಲಿಲ್ಲ.

ದೇವರು ದೊಡ್ಡವನು. ಒಳಗೆ ಹೋಗಿ ಮೂವರಿಗಾಗುವಷ್ಟು ಅಕ್ಕಿ ತೊಳೆದೆ.