ಗೋಳಗುಮ್ಮಟದೊಳಗಿನ ಬಿದಿರು
ಗೆಳೆಯರೇ, ಇವತ್ತು ನಾನೂ ನನ್ನ ಹೆಂಡತಿಯೂ ಟ್ರಾಮ್ ಹತ್ತಿ ಮದರಾಸಿನ ವಸ್ತುಪ್ರದರ್ಶನಕ್ಕೆ ಹೋಗಿದ್ದೆವು. ಬಯಲಿನಲ್ಲಿ ದೇಶದ ಹೆಸರಾಂತ ಕಟ್ಟಡಗಳನ್ನೆಲ್ಲ ಆಳೆತ್ತರಕ್ಕೆ ಗಾರೆಯಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಗೋಳಗುಮ್ಮಟದ ಮುಂದೆ ವಿವರಣೆ ಕೊಡುತ್ತಿದ್ದವನು, ಒಳಗಿನ ಕಂಬವೇ ಗುಮ್ಮಟವನ್ನು ಹೊತ್ತಿದೆ ಎಂದ.

ನನ್ನ ಹೆಂಡತಿ ಬಿಜಾಪುರದವಳು. “ಒಳಗ ಒಂದೂ ಕಂಬ ಇಲ್ರೀ. ನಾ ಅಲ್ಲೇ ಆಡಿ ಬೆಳೆದಾಕಿ” ಎಂದಳು.

“ಕಂಬ ಇಲ್ಲದೆ ಎಪ್ಪಡಿಮ್ಮಾ ನಿಲ್ಲುತ್ತೆ? ನೀವೇ ನೋಡಿ!” ಎಂದು ಅವನು ತಮಿಳು ಬೆರೆಸಿದ ಕನ್ನಡದಲ್ಲಿ ಹೇಳಿದ.

ಅವಳು ಬಗ್ಗಿ ಪುಟ್ಟ ಬಾಗಿಲಲ್ಲಿ ಇಣುಕಿದಳು. ಒಳಗೆ ನಿಜವಾಗಿಯೂ ಒಂದು ಬಿದಿರಿನ ಕಂಬವಿತ್ತು! ಸುತ್ತಲಿನವರೆಲ್ಲ ನಕ್ಕರು. ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ನಿಮ್ದು ಬೀಳಬಾರ್ದು ಅಂತ ನೀವು ಕಂಬ ಕೊಟ್ಟೀರಿ. ನಮ್ದು ಮುನ್ನೂರು ವರ್ಷದಿಂದ ಹಂಗ ನಿಂತೈತ್ರೀ.”

ಜನ ಚಪ್ಪಾಳೆ ತಟ್ಟಿದರು. ಅವರು ನಕ್ಕಾಗ ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದ ನಾನು ಮುಂದೆ ಬಂದು, “ಇವರು ನಮ್ಮ ಮನೆಯವರು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.