ಮೂರು ಅಂಗಡಿಯ ಫೋಟೊ, ಮೂರು ಹೊತ್ತು

ತಾಳಿ, ಇದರ ಮಜಾ ಇರುವುದು ಹಿಪ್ಪುನೇರಳೆ ತೋಟದಲ್ಲಿ. ಅಲ್ಲಿಗೆ ಬರುವವರೆಗೆ ಸ್ವಲ್ಪ ಕಾಯಬೇಕು.

ಕೋಲಾರದ ಒಂದು ಫೋಟೊ ಸ್ಟುಡಿಯೋದಲ್ಲಿ ಆಲ್ಬಂ ಜೋಡಿಸುವ ಕೆಲಸಕ್ಕಿದ್ದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲೂ ನಮ್ಮ ಅಂಗಡಿಗಳಿದ್ದವು. ಒಮ್ಮೆ ಮುಳಬಾಗಿಲಿನ ಹಾರ್ಡ್ ಡಿಸ್ಕ್ ಕೆಟ್ಟು ಒಂದು ಮದುವೆಯ ಫೋಟೊಗಳೆಲ್ಲ ಹೋದವು. ಮದುವೆ ಹುಡುಗಿಯ ತಾಯಿ ಬೈಯಲಿಲ್ಲ, ಬೆಂಚಿನಿಂದ ಎದ್ದು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಮೂರೂ ಅಂಗಡಿಯ ಫೋಟೊಗಳ ಇನ್ನೊಂದು ಪ್ರತಿ ದಿನವೂ ಇಂಟರ್‌ನೆಟ್‌ನಲ್ಲಿ ತಾನಾಗಿ ಕೋಲಾರದ ಕಂಪ್ಯೂಟರಿಗೆ ಬಂದು ಕೂರುವ ಹಾಗೆ ಮಾಡುತ್ತೇನೆ ಎಂದು ಓನರ್ ಅಕ್ಕನಿಗೆ ಹೇಳಿದೆ. ಯಾರೂ ಕಲಿಸಿರಲಿಲ್ಲ, ವಿಡಿಯೋ ನೋಡಿ, ಕೆಡಿಸಿ, ಮತ್ತೆ ಮಾಡಿ ಕಲಿತದ್ದು.

“ಒಂದು ವಾರ ಕೊಡ್ತೀನಿ ಕಣೋ. ಆಗಲಿಲ್ಲ ಅಂದ್ರೆ ಬೆಂಗಳೂರಿಂದ ಯಾರನ್ನಾದ್ರೂ ಕರೆಸ್ತೀನಿ, ನೀನು ಆಲ್ಬಂ ಅಂಟಿಸ್ಕೊಂಡಿರು,” ಅಂದರು.

ಮಧ್ಯಾಹ್ನ ಎರಡಕ್ಕೆ ಅಂಗಡಿಗಳು ಖಾಲಿ. ಮೂರೂ ಅಂಗಡಿಯಿಂದ ಫೋಟೊ ಹೊರಡಲು ಅದೇ ಹೊತ್ತು ಇಟ್ಟೆ. ಮೂರೂ ಒಟ್ಟಿಗೆ ನುಗ್ಗಿ, ಕೋಲಾರದ ಲೈನಿಗೆ ಉಸಿರುಗಟ್ಟಿ, ಎಲ್ಲವೂ ಅರ್ಧಕ್ಕೆ ನಿಂತವು. ನಾಲ್ಕು ದಿನ ಹೀಗೇ. ಮುಳಬಾಗಿಲಿನ ಫೋಟೊಗ್ರಾಫರ್ ಫೋನ್ ಮಾಡಿ, “ಏಮಪ್ಪಾ ಇಂಜಿನಿಯರೂ, ಡಿಸ್ಕ್ ಬಸ್ಸಲ್ಲಿ ಕಳ್ಸಿದ್ರೆ ಇಷ್ಟೊತ್ತಿಗೆ ಬಂದು ಊಟಾನೂ ಮಾಡಿರೋದು,” ಅಂದ.

ಐದನೇ ದಿನ ರಜೆ. ನರಸಾಪುರದ ಪಕ್ಕದ ನಮ್ಮೂರಿನಲ್ಲಿ ಅಮ್ಮನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದೆ. ತ್ರೀ ಫೇಸ್ ಕರೆಂಟು ಬಂತು. ಪಕ್ಕದ ತೋಟದ ಬೋರ್‌ವೆಲ್ ಮೋಟಾರು ಶುರುವಾಯಿತು, ನಮ್ಮದು ಸುಮ್ಮನಿತ್ತು.

“ನಮ್ದು ಕೆಟ್ಟೋಯ್ತೇನಮ್ಮಾ?”

“ಕೆಟ್ಟಿಲ್ಲ ಕಣೋ. ಎಲ್ಲಾ ಮೋಟಾರೂ ಒಂದೇ ಸಲ ಎದ್ರೆ ಟ್ರಾನ್ಸ್‌ಫಾರ್ಮರ್ ಫ್ಯೂಸ್ ಹೋಗ್ತದೆ. ಅದಕ್ಕೇ ಸ್ಟಾರ್ಟರಲ್ಲಿ ಒಬ್ರಿಗಿಂತ ಒಬ್ರು ಒಂದೊಂದು ನಿಮಿಷ ತಡ ಇಟ್ಕೊಂಡಿದ್ದೀವಿ. ದೊಡ್ಡ ಮೋಟಾರು ಕಡೇಗೆ. ಇಷ್ಟೂ ಗೊತ್ತಿಲ್ವಾ ನಿಂಗೆ, ಕಂಪ್ಯೂಟರ್ ಸರಿ ಮಾಡ್ತೀಯಂತೆ.”

ಅಷ್ಟರಲ್ಲಿ ನಮ್ಮ ಮೋಟಾರೂ ಗುಂಯ್ ಎಂದಿತು. ಸೊಪ್ಪಿನ ಹೊರೆ ಅಲ್ಲೇ ಇಳಿಸಿ ಫೋನ್ ತೆಗೆದು, ಅದರಲ್ಲೇ ಮೂರೂ ಅಂಗಡಿಯ ಹೊತ್ತು ಬದಲಿಸಿದೆ.

ಮಾಲೂರಿಗೆ ಎರಡು ಗಂಟೆ. ಮುಳಬಾಗಿಲಿಗೆ ಅರ್ಧ ಗಂಟೆ ತಡ. ಶ್ರೀನಿವಾಸಪುರಕ್ಕೆ ಇನ್ನೂ ಅರ್ಧ ಗಂಟೆ. ಗೌನಿಪಲ್ಲಿ ಕಡೆಯ ಮದುವೆ ವಿಡಿಯೋಗಳೆಲ್ಲ ಅಲ್ಲಿಗೇ ಬರುತ್ತಿದ್ದವು, ಅದೇ ನಮ್ಮ ದೊಡ್ಡ ಮೋಟಾರು. ಆದರೆ ಆರನೇ ದಿನ ಮುಳಬಾಗಿಲಿನದು ಮುಗಿಯುವ ಮೊದಲೇ ಶ್ರೀನಿವಾಸಪುರ ಎದ್ದುಬಿಟ್ಟಿತು. ಅರ್ಧ ಗಂಟೆ ಎಂಬುದು ನನ್ನ ಅಂದಾಜು, ಅಷ್ಟೇ. ಯಾವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಆವತ್ತೇ ಗಡಿಯಾರ ಇಟ್ಟುಕೊಂಡು ಒಂದೊಂದನ್ನೇ ಓಡಿಸಿ ನೋಡಿ, ಶ್ರೀನಿವಾಸಪುರವನ್ನು ನಾಲ್ಕಕ್ಕೆ ತಳ್ಳಿದೆ.

ಏಳನೇ ದಿನ ಸಂಜೆ, ಮೂರೂ ಬಂದಿವೆ ಎಂದೆ.

“ಬಾಯಲ್ಲಿ ಹೇಳ್ಬೇಡ, ತೆಗೆದು ತೋರ್ಸು,” ಅಂದರು ಅಕ್ಕ.

ಶ್ರೀನಿವಾಸಪುರದ ಪ್ರತಿಯಿಂದ ಒಂದು ಫೋಟೊ ತೆರೆದೆ. ಮದುವಣಗಿತ್ತಿಯ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದರು. ಅಕ್ಕ ಬಗ್ಗಿ ಅದನ್ನು ದೊಡ್ಡದು ಮಾಡಿ ನೋಡಿದರು. ಆಮೇಲೆ, “ಆಲ್ಬಂ ಅಂಟಿಸೋಕೆ ಬೇರೆ ಯಾರನ್ನಾದ್ರೂ ನೋಡ್ಬೇಕು,” ಅಂದರು.

ನೀವೂ ಎಲ್ಲವನ್ನೂ ಒಂದೇ ಹೊತ್ತಿಗೆ ಇಟ್ಟು ಲೈನು ಜಾಮ್ ಮಾಡಿಕೊಂಡಿದ್ದೀರಾ? ಹೇಗೆ ಬಿಡಿಸಿಕೊಂಡಿರಿ, ಬರೆದು ತಿಳಿಸಿ.